ಮುನಿಸಿಕೊಂಡ ಬೆರಳು

ಆಶ್ವೀಜ ಮುಗಿಯುತ್ತಾ ಬಂದಿತ್ತು, ದೀಪಾವಳಿಗೆ ಇನ್ನೊಂದು ವಾರ. ಬೆಳಿಗ್ಗೆ ಎಂಟರ ಹೊತ್ತು, ಬಿಸಿಲು ಇನ್ನೂ ಎಳೆಯದು. ಗುಬ್ಬಿಯಲ್ಲಿ ನಮ್ಮಕ್ಕ ಗಂಗಾಂಬಿಕೆಯ ಮನೆ ಹಿತ್ತಲಲ್ಲಿ ಒಗೆಯೋ ಕಲ್ಲಿನ ಮೇಲೆ ಕೂತು ಕಾಫಿ ಕುಡೀತಾ ಇದ್ದೆ. ನಮ್ಮ ಭಾವ ಪರಮಶಿವಯ್ಯನೋರು ನನಗೆ ಎಳನೀರು ಕೆತ್ತಿಕೊಡೋಕೆ ಅಂತ ಮಚ್ಚು ತಗೊಂಡರು.

"ಕಾಫಿ ಕುಡೀತಿದೀನಲ್ಲ ಭಾವ, ಈಗ್ಯಾಕೆ ಎಳನೀರು?"

"ಕುಣಿಗಲ್‌ನಿಂದ ಬಂದಿದೀಯ. ಎಳನೀರು ಅಂದ್ರೆ ಏನು ಅಂತ ಗೊತ್ತಾಗ್ಲಿ ಅಂತ."

"ಕುಣಿಗಲ್ಲಲ್ಲಿ ತೆಂಗಿನಮರ ಇಲ್ವಾ?"

"ಅವೆ. ಪಾಪ, ಅವೂ ಪ್ರಯತ್ನ ಪಡ್ತವೆ ಕಣೋ ಕಾಳಯ್ಯ."

ಭಾವ ಎಡಚ. ಮಚ್ಚು ಎಡಗೈಲಿ, ಕಾಯಿ ಬಲಗೈಲಿ. ಹಾರ್ಮೋನಿಯಂ ಪೇಟಿ ಬಾರಿಸೋವಾಗ ಮಾತ್ರ ಎಲ್ಲರ ಹಾಗೆ ಎಡಗೈ ಗಾಳಿ ಒತ್ತೋ ತಿದಿಗೆ, ಬಲಗೈ ಸ್ವರದ ಮನೆಗಳ ಮೇಲೆ. ತುಮಕೂರು ಹತ್ತಿರದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದರು. ಆ ಮೂವತ್ತು ವರ್ಷವೂ ಸಂಜೆ ಬಸ್ಸು ಇಳಿದ ಮೇಲೆ ಕೈ ತೊಳೆದು ಬೀದಿ ಕೊನೆಯ ಮಠದ ಭಜನೆಗೆ ಹೋಗಿ ಹಾರ್ಮೋನಿಯಂ ಮುಂದೆ ಕೂರುತ್ತಿದ್ದರು. ರಿಟೈರ್ ಆದ ಮೇಲಂತೂ ಅದೇ ಕೆಲಸ ಅಂತ ಆಗಿತ್ತು. ನಾನು ಗುಬ್ಬಿಗೆ ಬಂದಾಗಲೆಲ್ಲ ಅವರ ಪಕ್ಕ ಕೂತು ತಾಳ ಹಾಕುತ್ತಿದ್ದೆ.

ತಮ್ಮ ಮಾತಿಗೆ ತಾವೇ ನಕ್ಕು ಅವರು ಮಚ್ಚು ಎತ್ತಿದರು. ಅದು ಜಾರಿತು. ಬಲಗೈ ಉಂಗುರದ ಬೆರಳಿನ ಬುಡಕ್ಕೆ ಬಿತ್ತು.

ಅಕ್ಕ ಕೂಗಾಡಲಿಲ್ಲ. ಒಲೆ ಹತ್ತಿರದ ಬಟ್ಟೆ ತಂದು ಕೈ ಸುತ್ತಿದಳು. "ಕಾಳಯ್ಯ, ಆ ಕಡೆ ಹಿಡ್ಕೊ, ನಡಿ ಡಾಕ್ಟ್ರ ಹತ್ರ" ಅಂದಳು. ಡಾಕ್ಟ್ರು ಅಂದರೆ ಅದೇ ಬೀದಿಯ ಆಚೆ ತುದಿಯಲ್ಲಿರೋ ಲಕ್ಷ್ಮೀಕಾಂತ್. ಊರಿನ ಹುಡುಗ. ಅವರಮ್ಮ ಅವರನ್ನ ಸೊಂಟದ ಮೇಲೆ ಎತ್ತಿಕೊಂಡು ಭಜನೆಗೆ ಬರುತ್ತಿದ್ದುದು ನನಗೆ ನೆನಪಿದೆ. ಈಗ ಅವರ ತಲೆಯೂ ನರೆತಿದೆ.

ಡಾಕ್ಟ್ರು ನೋಡಿದರು. ಬೆರಳು ಮಡಿಸೋ ನರ ಅರ್ಧ ಕೊಯ್ದಿದೆ ಅಂದರು. ನರಕ್ಕೂ ಹೊಲಿಗೆ ಹಾಕಿ, ಚರ್ಮಕ್ಕೂ ಹೊಲಿಗೆ ಹಾಕಿ, ಬೆರಳಿನಿಂದ ಮೊಳಕೈ ಹತ್ತಿರದವರೆಗೂ ಸಿಮೆಂಟ್ ಪಟ್ಟಿ ಕಟ್ಟಿದರು. ಹೊರಗೆ ಜನ ತುಂಬಿದ್ದರು. ಕೈ ತೊಳೀತಾ ತೊಳೀತಾನೇ ಹೇಳಿದರು: "ಮೂರು ವಾರ ಅಲ್ಲಾಡಿಸ್ಬೇಡಿ. ಆಮೇಲೆ ಬನ್ನಿ, ಬಿಚ್ಚಿ ಬೆರಳಿಗೆ ಅಭ್ಯಾಸ ಹೇಳ್ಕೊಡ್ತೀನಿ."

ಇದರಲ್ಲಿ ನಮ್ಮಕ್ಕನ ಕಿವಿಗೆ ಬಿದ್ದಿದ್ದು ಒಂದೇ ಮಾತು, ಅಲ್ಲಾಡಿಸ್ಬೇಡಿ. ಆವತ್ತಿಂದ ಭಾವನ ಬಲಗೈಗೆ ಅವಳು ಕಾವಲು ಕೂತಳು. ಸೊಳ್ಳೆ ಕೂತರೂ ಅವಳೇ ಓಡಿಸಬೇಕು.

ಇನ್ನು ಕಾರ್ತೀಕದ ಮಾತು. ಆ ಮಠದಲ್ಲಿ ಕಾರ್ತೀಕ ಪೂರ್ತಿ ದಿನಾ ಸಂಜೆ ಭಜನೆ. ಪಾಡ್ಯದ ದಿನ ಭಜನೆಯವರೆಲ್ಲ ಬಲಗೈಗೆ ಕಂಕಣ ಕಟ್ಟಿಸಿಕೊಳ್ಳುತ್ತೇವೆ. ಒಂದು ಸಲ ಕಟ್ಟಿದರೆ ಅಮಾವಾಸ್ಯೆಗೆ ದೀಪ ಇಳಿಸೋವರೆಗೂ ಬಿಚ್ಚೋ ಹಾಗಿಲ್ಲ. ಭಾವನ ತಾತನ ಕಾಲದಿಂದ ಹಂಗೇ ನಡೆದು ಬಂದಿದೆ. ಭಾವನ ಮಣಿಕಟ್ಟಿನ ಮೇಲೆ ಸಿಮೆಂಟ್ ಪಟ್ಟಿ ಇತ್ತಲ್ಲ, ಅದರ ಮೇಲೆಯೇ ಅಕ್ಕ ಅರಿಶಿನದ ದಾರ ಸುತ್ತಿ ಕಂಕಣ ಕಟ್ಟಿಸಿದಳು. ಆ ವರ್ಷ ಭಾವ ಎಡಗೈಲಿ ಪೇಟಿ ಬಾರಿಸಿದರು, ತಿಂಗಳಿಡೀ ಅಲ್ಲೇ ಉಳಿದು ತಿದಿ ಒತ್ತಿದ್ದು ನಾನು. ನಾನು ತಾಳದವನು, ನನಗೆ ತಾಳದ ಹೊರತು ಏನೂ ಬರಲ್ಲ. ತಿದಿಯನ್ನೂ ತಾಳದ ಹಾಗೇ ಒತ್ತಿದೆ. ಪೇಟಿ ಬಿಕ್ಕಳಿಸಿತು.

"ಏನ್ಲಾ, ಅದಕ್ಕೆ ನೀರು ಕುಡಿಸ್ಬೇಕಾ?" ಅಂದರು ಭಾವ. ಭಜನೆಯವರೆಲ್ಲ ಹಾಡು ನಿಲ್ಲಿಸಿ ನಕ್ಕರು.

ಮೂರು ವಾರ ಆದಾಗ ಇನ್ನೂ ತಿಂಗಳು ಮುಗಿದಿರಲಿಲ್ಲ. ಪಟ್ಟಿ ಬಿಚ್ಚಬೇಕಾದರೆ ಕಂಕಣ ಕತ್ತರಿಸಬೇಕು. "ಇನ್ನೇನು, ಅಮಾವಾಸ್ಯೆ ಹತ್ರ ಬಂತು. ಇಷ್ಟು ದಿನ ಇದ್ದಿದ್ದು ಇನ್ನಷ್ಟು ದಿನ ಇರಲಿ" ಅಂದಳು ಅಕ್ಕ. ಭಾವನೂ ಹೂಂ ಅಂದರು.

ಕಾರ್ತೀಕದ ಸೋಮವಾರ ಡಾಕ್ಟ್ರೂ ಭಜನೆಗೆ ಬಂದು ಕಂಬಕ್ಕೆ ಒರಗಿ ಕೂರುತ್ತಾರೆ. ಮೂರು ವಾರ ಕಳೆದ ಮೇಲಿನ ಸೋಮವಾರವೂ ಬಂದರು. ಭಾವನ ಕೈ ನೋಡಿದರು, ಕಂಕಣ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಪ್ರಸಾದ ತಗೊಂಡು ಹೋದರು.

ಅಮಾವಾಸ್ಯೆಯ ಮಾರನೇ ದಿನ ಪಟ್ಟಿ ಬಿಚ್ಚಿದರೆ ಬೆರಳು ಬೆತ್ತದ ಹಾಗೆ ನೆಟ್ಟಗೆ ನಿಂತಿತ್ತು. ಮಡಿಸು ಅಂದರೆ ಮಡಿಯದು. ಡಾಕ್ಟ್ರು ಬಿಸಿನೀರು, ಅಭ್ಯಾಸ ಅಂತ ಹೇಳಿದರು. ಭಾವ ವಾರ ಮಾಡಿದರು, ನೋವಿಗೆ ಬಿಟ್ಟರು. ಪೇಟಿ ಮೇಲೆ ಕೈ ಇಟ್ಟರೆ ಉಳಿದ ಬೆರಳು ಹಾಡುತ್ತಿದ್ದವು, ಇದೊಂದು ಅಡ್ಡ ಬಿದ್ದು ಪಕ್ಕದ ಮನೆಯನ್ನೂ ಒತ್ತಿ ಕಿರುಚಿಸುತ್ತಿತ್ತು. ಒಂದು ಸಂಜೆ ಭಾವ ಪೇಟಿಗೆ ಬಟ್ಟೆ ಮುಚ್ಚಿ ಅಟ್ಟದ ಮೇಲೆ ಇಟ್ಟರು.

ಅಕ್ಕನ ಮಗಳು ಸುಧಾ, ಅಳಿಯ ಭಾನುಪ್ರಕಾಶ್ ತುಮಕೂರಿನ ಸದಾಶಿವನಗರದಲ್ಲಿದ್ದಾರೆ. ಅಳಿಯ ಒಳ್ಳೆಯವನು, ಆದರೆ ಕೋಪಕ್ಕೆ ಮುಂಚೆ, ಸಮಾಧಾನಕ್ಕೆ ತಡ. ಮಾವನನ್ನ ಕಾರಲ್ಲಿ ಕೂರಿಸಿಕೊಂಡು ತುಮಕೂರಿನ ಒಬ್ಬ ಡಾಕ್ಟ್ರ ಹತ್ತಿರ ತೋರಿಸಿದ. ಆ ಡಾಕ್ಟ್ರು ಬೆರಳು ಹಿಡಿದು ನೋಡಿ, "ಯಾರು ಮಾಡಿದ್ದು ಇದು?" ಅಂದರಂತೆ. ಅಷ್ಟೇ. ನರ ಒಳಗೆ ಅಂಟಿಕೊಂಡಿದೆ, ಆಪರೇಷನ್ ಮಾಡಿದರೆ ಬರಬಹುದು ಅಂತ ಆಮೇಲೆ ಹೇಳಿದ್ದೂ, ಚೀಟಿಲಿ ಬರೆದಿದ್ದೂ ಅಳಿಯನ ಕಿವಿಗೆ ಬೀಳಲಿಲ್ಲ. ಆ ಮನೆಯಲ್ಲಿ ಎಲ್ಲರ ಕಿವಿಯೂ ಒಂದೇ ಮಾತಿನ ಅಳತೆ.

ಶೆಟ್ಟಿಹಳ್ಳಿಯಲ್ಲಿ ಕಾಂತೇಶ್ ಅಂತ ಅಳಿಯನ ಗೆಳೆಯ ಲಾಯರು. ಪೊಲೀಸ್ ಕಂಪ್ಲೇಂಟ್ ಕೊಡೋಣ್ವಾ ಅಂತ ಅಳಿಯ ಕೇಳಿದ್ದಕ್ಕೆ ಅವನು, "ಅದೆಲ್ಲ ಈಗ ಸುಲಭ ಇಲ್ಲ ಕಣಯ್ಯ. ಇನ್ನೊಬ್ಬ ಡಾಕ್ಟ್ರು ತಪ್ಪಾಗಿದೆ ಅಂತ ಬರೆದುಕೊಡಬೇಕು, ಆಮೇಲೇ ಪೊಲೀಸ್ನೋರು ಮುಟ್ಟೋದು. ಗ್ರಾಹಕರ ಕೋರ್ಟಿಗೆ ಹಾಕಣ" ಅಂದ. ಹಾಕಿದರು. ಭಾವ ಸೈನ್ ಮಾಡಿದ್ದು ಎಡಗೈಲಿ.

ಡಾಕ್ಟ್ರಿಗೆ ನೋಟೀಸು ಹೋದ ಮೇಲೆ ಊರಿನ ನಡೆಯೇ ಬದಲಾಯಿತು. ಮೊದಲನೇದು, ಮಾತು ನಿಂತಿತು. ಡಾಕ್ಟ್ರಿಗೆ ಇನ್ಶೂರೆನ್ಸ್‌ನವರ ಕಡೆ ಲಾಯರು ಹೇಳಿದ್ದರಂತೆ: ಅವರ ಹತ್ರ ಒಂದು ಮಾತೂ ಆಡಬೇಡಿ, ಪಾಪ ಅಂತ ಅಂದರೂ ಅದು ನಿಮ್ಮ ಮೇಲೇ ಸಾಕ್ಷಿ ಆಗುತ್ತೆ. ಭಾವನಿಗೆ ಕಾಂತೇಶನೂ ಅದನ್ನೇ ಹೇಳಿದ್ದ. ಒಂದೇ ಬೀದಿ, ಒಂದೇ ಹಾಲಿನ ಬೂತು. ಬೆಳಿಗ್ಗೆ ಆರಕ್ಕೆ ಇಬ್ಬರೂ ಅಲ್ಲೇ ನಿಲ್ಲಬೇಕು. ಬೂತಿನ ಪುಟ್ಟರಂಗಯ್ಯನ ಪಾಡು ಕೇಳಬೇಡಿ.

"ಪುಟ್ಟರಂಗಯ್ಯ," ಅನ್ನೋರು ಡಾಕ್ಟ್ರು ಆಕಾಶ ನೋಡಿಕೊಂಡು, "ಕೆಲವರು ಬೆರಳನ್ನ ಬಿಸಿನೀರಲ್ಲಿಟ್ಟು ಮಡಿಸ್ತಾ ಇದ್ರೆ ಒಳ್ಳೇದು ಅಂತ ಹೇಳಪ್ಪ."

"ಪುಟ್ಟರಂಗಯ್ಯ," ಅನ್ನೋರು ಭಾವ ಹಾಲಿನ ಪ್ಯಾಕೆಟ್ ನೋಡಿಕೊಂಡು, "ಕೆಲವರಿಗೆ ನೀರು ಕಾಯಿಸೋಕೆ ಬರುತ್ತೆ ಅಂತ ಹೇಳು."

"ಪುಟ್ಟರಂಗಯ್ಯ, ಕಾಯಿಸಿದ್ರೆ ಸಾಲದು, ಮಡಿಸಬೇಕು ಅನ್ನು."

"ಪುಟ್ಟರಂಗಯ್ಯ, ನೋವು ಯಾರಿಗೆ ಅಂತ ಕೇಳು."

"ಸ್ವಾಮಿ," ಅಂದ ಪುಟ್ಟರಂಗಯ್ಯ ಒಂದು ದಿನ, "ನಾನು ಹಾಲು ಮಾರೋನಾ, ಪೋಸ್ಟ್ ಆಫೀಸಾ? ಇಬ್ಬರಿಗೂ ಕೈ ಮುಗೀತೀನಿ, ಒಬ್ರು ಆರಕ್ಕೆ ಬನ್ನಿ, ಇನ್ನೊಬ್ರು ಆರೂವರೆಗೆ ಬನ್ನಿ."

ಎರಡನೇದು, ಡಾಕ್ಟ್ರು ಹೊಲಿಗೆ ಹಾಕೋದು ಬಿಟ್ಟರು. ಚಾಕು ತಗಲಿದರೂ ತುಮಕೂರು, ಕುರು ಎದ್ದರೂ ತುಮಕೂರು. ಕೆಮ್ಮಿದವರಿಗೆ ಎಕ್ಸ್‌ರೇ, ತಲೆನೋವಿಗೆ ಸ್ಕ್ಯಾನ್. ಅಕ್ಕನ ಬೀದಿಯ ನರಸಮ್ಮ, ರಾಗಿ ಹೊಲದವಳು, ಕಾಲಿಗೆ ಮುಳ್ಳು ಮುರಿದುಕೊಂಡು ಹೋದಳು. ಅವಳ ಮುಂದೆ ಕಾಗದ ಇಟ್ಟು ಮೂರು ಕಡೆ ಸೈನ್ ಹಾಕಿ ಅಂದರಂತೆ. ಅವಳು ಕುಂಟಿಕೊಂಡು ಅಕ್ಕನ ಮನೆ ಜಗಲಿಗೆ ಬಂದು ಕೂತು ಬೈದಳು.

"ಮುಳ್ಳು ತೆಗೆಯೋಕೆ ಮೂರು ಸೈನು! ನನ್ನ ಮದ್ವೆಗೆ ನಾನು ಒಂದೂ ಹಾಕಿಲ್ಲ. ಎಲ್ಲಾ ನಿಮ್ಮಿಂದ ಕಣಪ್ಪ ಪರಮಶಿವಯ್ಯ. ನಿನ್ನ ಬೆರಳು ನೆಟ್ಟಗಾಗಿದ್ದಕ್ಕೆ ಊರಿನ ಕಾಲೆಲ್ಲ ಸೊಟ್ಟಗಾಗ್ತಿದೆ."

"ನನ್ನ ಬೆರಳು ಹೋಗಿದೆ, ನಿಂಗೆ ಮುಳ್ಳಿನ ಚಿಂತೆ" ಅಂದರು ಭಾವ. ಆದರೆ ಆ ಮಾತು ಅವರ ಮನಸ್ಸಿಗೆ ನಾಟಿತು ಅಂತ ನನಗೆ ಗೊತ್ತಾಯಿತು. ಆ ಮುಳ್ಳನ್ನ ಅಕ್ಕನೇ ಸೂಜಿಯಲ್ಲಿ ತೆಗೆದಳು.

ಚೈತ್ರದಲ್ಲಿ ಕೇಸಿನ ದಿನ ಬಂತು. ನನಗೆ ಕುಣಿಗಲ್‌ನಲ್ಲಿ ಅಂಥಾ ಕೆಲಸ ಏನಿಲ್ಲ, ತೋಟ ಮಗ ನೋಡಿಕೊಳ್ಳುತ್ತಾನೆ. ಬಸ್ಸು ಹತ್ತಿ ತುಮಕೂರಿಗೆ ಬಂದೆ. ಕೋರ್ಟಿನ ಮುಂದೆ ಕಾಂತೇಶ ನಮಗೆ ಪಾಠ ಮಾಡಿದ. "ಈಗ ಕಾನೂನಲ್ಲಿ ಹೊಸ ದಾರಿ ಇದೆ. ಎರಡೂ ಕಡೆಯೋರನ್ನ ಒಂದು ಕೋಣೇಲಿ ಕೂರಿಸಿ, ಮಧ್ಯಸ್ಥಗಾರರನ್ನ ಇಟ್ಟು ಮಾತಾಡಿಸ್ತಾರೆ. ಆದ್ರೆ ಜೀವ ಹೋಗಿರೋ ಕೇಸು, ಅಂಗ ಊನ ಆಗಿರೋ ಕೇಸು ಆ ಕೋಣೆಗೆ ಕಳಿಸೋ ಹಾಗಿಲ್ಲ. ಅದಕ್ಕೇ ನಾವು ಬೆರಳು ಶಾಶ್ವತವಾಗಿ ಹೋಗಿದೆ ಅಂತ ಹಿಡೀಬೇಕು. ಆಗ ಕೇಸು ಗಟ್ಟಿ. ಯಜಮಾನ್ರೇ, ಅರ್ಥ ಆಯ್ತಾ?"

"ಆಯ್ತಪ್ಪ" ಅಂದರು ಭಾವ.

ಒಳಗೆ ಕೇಸು ಕೇಳೋ ಅಧ್ಯಕ್ಷರು ಕಾಗದ ತಿರುವಿ ಹಾಕಿ, ಇದನ್ನ ಕೂತು ಮಾತಾಡಿ ಬಗೆಹರಿಸಿಕೊಳ್ಳೋಕೆ ಆಗುತ್ತಾ ಅಂತ ಕೇಳಿದರು. ಕಾಂತೇಶ ಎದ್ದು, ಆಗಲ್ಲ, ನಮ್ಮ ಕಕ್ಷಿದಾರರ ಬೆರಳು ಶಾಶ್ವತವಾಗಿ ಹೋಗಿದೆ ಅಂದ. ಆ ಕಡೆ ಲಾಯರು ಎದ್ದು, ಹೋಗಿಲ್ಲ ಅಂದರು. ಅಧ್ಯಕ್ಷರು ತುಮಕೂರು ಡಾಕ್ಟ್ರ ಚೀಟಿ ಎತ್ತಿ ಹಿಡಿದು, "ಆಪರೇಷನ್ ಆದ್ರೆ ಬರಬಹುದು ಅಂತ ಇದರಲ್ಲಿದೆಯಲ್ಲ" ಅಂದರು. ಆಮೇಲೆ ಲಾಯರುಗಳನ್ನ ಬಿಟ್ಟು ಭಾವನನ್ನೇ ನೋಡಿದರು.

"ಯಜಮಾನ್ರೇ, ನೀವೇ ಹೇಳಿ. ನಿಮ್ಮ ಬೆರಳು ಹೋಯ್ತಾ?"

ಭಾವ ಕೈ ಎತ್ತಿ ಬೆರಳನ್ನ ನೋಡಿದರು. ಹೋಯ್ತು ಅಂದರೆ ಕೇಸು ಗಟ್ಟಿ, ಅದು ಅವರಿಗೆ ಗೊತ್ತು. ಹೋಗಿಲ್ಲ ಅಂದರೆ ಡಾಕ್ಟ್ರ ಎದುರು ಕೂರಬೇಕು. ಅಟ್ಟದ ಮೇಲಿನ ಪೇಟಿ ಅವರ ಕಣ್ಣಿಗೆ ಬಂತೋ ಏನೋ. ಕಾಂತೇಶ ಕೆಮ್ಮಿದ.

"ಹೋಗಿಲ್ಲ ಸ್ವಾಮಿ," ಅಂದರು ಭಾವ. "ಮುನಿಸ್ಕೊಂಡಿದೆ, ಅಷ್ಟೇ."

ಕೋರ್ಟಿಗೆ ಕೋರ್ಟೇ ನಕ್ಕಿತು. ಕಾಂತೇಶ ತಲೆ ಹಿಡಿದುಕೊಂಡು ಕೂತ. ನಾನು ಡಾಕ್ಟ್ರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

ಹೊರಗೆ ಬಂದ ಮೇಲೆ ಅಳಿಯ ಕಾರಿನ ಬಾಗಿಲು ದಬ್ ಅಂತ ಹಾಕಿದ. "ಏನ್ ಮಾವ ನೀವು, ಕೈಯಾರೆ ಕೇಸು ಕೆಡಿಸ್ಬಿಟ್ರಲ್ಲ!"

"ಅಲ್ಲಪ್ಪ ಭಾನು, ಬೆರಳು ಸತ್ತಿದೆ ಅಂತ ಕೋರ್ಟಲ್ಲಿ ಬರೆಸ್ಕೊಂಡು ಕೇಸು ಗೆದ್ದೆ ಅನ್ಕೋ. ಆಮೇಲೆ ಸತ್ತಿರೋದಕ್ಕೆ ಅಭ್ಯಾಸ ಮಾಡ್ಸೋಕೆ ಆಗುತ್ತಾ?"

ಅಳಿಯ ಕಾರು ಹೊರಡಿಸಿದ. ಊರು ಬರೋ ಹೊತ್ತಿಗೆ ಅವನ ಸಮಾಧಾನವೂ ಬಂತು, ತಡವಾಗಿ.

ವೈಶಾಖದಲ್ಲಿ ಕೂತು ಮಾತಾಡಿಸೋ ಆ ಕೋಣೆಗೆ ಕರೆದರು. ಭಾವ, ಅಕ್ಕ, ನಾನು ಒಂದು ಕಡೆ. ಡಾಕ್ಟ್ರು ಇನ್ನೊಂದು ಕಡೆ. ಲಾಯರುಗಳು ಗೋಡೆ ಪಕ್ಕ. ಮೇಜಿನ ಮೇಲೆ ನೀರಿನ ಬಾಟಲಿ, ತಟ್ಟೆಯಲ್ಲಿ ಬಿಸ್ಕತ್ತು. ಮಧ್ಯಸ್ಥಗಾರರು ಪ್ರಮೀಳಾ ಅಂತ, ವಯಸ್ಸಾದ ಹೆಣ್ಣುಮಗಳು, ಹಣೆ ತುಂಬ ಕುಂಕುಮ. ಅವರು ಮೊದಲೇ ಹೇಳಿದರು: "ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಲ್ಲ. ರಾಜಿ ಆಗದೆ ಹೋದ್ರೂ ನಾಳೆ ಕೋರ್ಟಲ್ಲಿ ಯಾರೂ ಅದನ್ನ ಸಾಕ್ಷಿ ಅಂತ ಎತ್ತೋ ಹಾಗಿಲ್ಲ. ಭಯ ಬಿಟ್ಟು ಮಾತಾಡಿ."

ನಾನು ಈಗ ಇದನ್ನ ಹೇಳಬಹುದು, ಯಾಕಂದರೆ ಆಮೇಲೆ ಅವರಿಬ್ಬರೇ ಊರೆಲ್ಲ ಹೇಳಿಕೊಂಡು ತಿರುಗಿದರು.

ಆದರೆ ಮಾತು ಎಲ್ಲಿ ಶುರುವಾಗುತ್ತೆ? ಹಾಲಿನ ಬೂತಿನ ಅಭ್ಯಾಸ.

"ಕಾಳಯ್ಯನೋರೇ," ಅಂದರು ಡಾಕ್ಟ್ರು ನನ್ನನ್ನ ನೋಡಿ, "ಬೆರಳು ಈಗ ಹೇಗಿದೆಯಂತೆ?"

"ಕಾಳಯ್ಯ," ಅಂದರು ಭಾವ, ಅವರೂ ನನ್ನನ್ನೇ ನೋಡಿ, "ಇದ್ದ ಹಾಗೇ ಇದೆಯಂತೆ ಅನ್ನು."

"ಕಾಳಯ್ಯನೋರೇ, ರಾತ್ರಿ ಹೊತ್ತು ಸೆಳೆತ ಇದೆಯಾ ಕೇಳಿ."

ಪ್ರಮೀಳಮ್ಮ ಪೆನ್ನು ಕೆಳಗಿಟ್ಟರು. "ಈ ಯಜಮಾನ್ರು ಯಾರು? ಯಾಕೆ ಇಬ್ಬರೂ ಇವರ ಮುಖ ನೋಡ್ಕೊಂಡು ಮಾತಾಡ್ತಿದೀರ?"

"ನಾನು ಇವರ ಭಾವಮೈದ, ತಾಯಿ. ತಾಳ ಹಾಕ್ತೀನಿ" ಅಂದೆ.

"ಇಲ್ಲಿ ತಾಳ ಬೇಡ. ಕುರ್ಚಿ ಎತ್ಕೊಂಡು ಆ ಕಿಟಕಿ ಹತ್ರ ಕೂತ್ಕೊಳ್ಳಿ. ಬಿಸ್ಕತ್ತು ಬೇಕಾದ್ರೆ ತಗೊಂಡು ಹೋಗಿ."

ನಾನು ಬಿಸ್ಕತ್ತೂ ತಗೊಂಡು ಹೋಗಿ ಕಿಟಕಿ ಹತ್ತಿರ ಕೂತೆ. ಈಗ ಅವರಿಬ್ಬರ ಮಧ್ಯೆ ನೋಡೋಕೆ ಯಾರೂ ಇರಲಿಲ್ಲ. ಡಾಕ್ಟ್ರು ಬಾಟಲಿ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಗೋಡೆ ಪಕ್ಕದಿಂದ ಅವರ ಲಾಯರು, "ಸರ್, ಯೋಚನೆ ಮಾಡಿ" ಅಂದರು.

"ತುಂಬಾ ಯೋಚನೆ ಮಾಡಿದೀನಿ" ಅಂದರು ಡಾಕ್ಟ್ರು. ಆಮೇಲೆ ಭಾವನ ಕಡೆ ತಿರುಗಿದರು. "ಪರಮಶಿವಯ್ಯನೋರೇ, ಆ ಸೋಮವಾರ ನಾನು ಭಜನೆಗೆ ಬಂದಿದ್ದೆ. ಮೂರು ವಾರ ಕಳೆದು ಹೋಗಿತ್ತು. ಪಟ್ಟಿ ಇನ್ನೂ ಹಂಗೇ ಇದ್ದಿದ್ದು ನೋಡಿದೆ. ಆವತ್ತೇ ಬಿಚ್ಚಬೇಕು ಅಂತ ನಂಗೆ ಗೊತ್ತಿತ್ತು. ಅದರ ಮೇಲೆ ಕಂಕಣ ಇತ್ತು. ದೇವರ ಕೆಲಸಕ್ಕೆ ಕಟ್ಟಿದ್ದನ್ನ ಬಿಚ್ಚಿ ಅಂತ ಮಠದಲ್ಲಿ ಕೂತು ಹೆಂಗೆ ಹೇಳ್ಲಿ ಅಂತ ಸಂಕೋಚ ಆಯ್ತು. ಇನ್ನು ಹತ್ತು ದಿನ ತಾನೇ ಅಂತ ನಂಗೆ ನಾನೇ ಸಮಾಧಾನ ಹೇಳ್ಕೊಂಡೆ. ಮೊದಲನೇ ದಿನವೂ ಕೈ ತೊಳೀತಾ ಹೇಳಿದೆ, ಕೂರಿಸಿ ಹೇಳಲಿಲ್ಲ. ಹೊಲಿಗೆ ಸರಿಯಾಗೇ ಹಾಕಿದ್ದೆ. ಬಾಯಿ ತಪ್ಪಿತು. ಇದನ್ನ ನಿಮ್ಮ ಮನೆಗೆ ಬಂದು ಹೇಳ್ಬೇಕು ಅಂತ ದಿನಾ ಅನ್ಸೋದು, ದಿನಾ ನಮ್ಮ ಲಾಯರು ತಡೀತಿದ್ರು."

ಭಾವ ಏನಾದರೂ ಅನ್ನೋಕೆ ಮುಂಚೆ ನಮ್ಮಕ್ಕ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿದಳು.

"ಅಲ್ಲ ಡಾಕ್ಟ್ರಪ್ಪ, ನಿಮ್ಮಮ್ಮ ಆ ಮಠದಲ್ಲೇ ನಿಮ್ಮ ಚಡ್ಡಿ ಬದಲಾಯಿಸ್ತಿದ್ಲು, ನಿಮಗೆ ಅಲ್ಲಿ ಸಂಕೋಚವಾ? ಒಂದು ಮಾತು ಅಂದಿದ್ರೆ ನಾನೇ ಬಿಚ್ಚಿ ಎಡಗೈಗೆ ಕಟ್ತಿದ್ದೆ. ಶಿವ ಏನು ಕೋರ್ಟಿಗೆ ಹೋಗ್ತಿದ್ನಾ?"

ಗೋಡೆ ಪಕ್ಕದ ಲಾಯರುಗಳೂ ನಕ್ಕರು. ಪ್ರಮೀಳಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು.

"ನಗಬೇಡಿ," ಅಂದರು ಭಾವ, ಆದರೆ ಅವರ ಮೀಸೆಯೂ ಅಲುಗುತ್ತಿತ್ತು. "ಮೂರು ವಾರ ಅಂತ ಇವರು ಹೇಳಿದ್ದು ನಂಗೂ ಕೇಳಿಸಿತ್ತು. ನಾನೇ ಹೋಗಲಿಲ್ಲ. ಕಂಕಣದ ಹೆಸರು ಹೇಳಿದ್ದು ಇವಳು, ಸರಿ. ನಂಗೂ ಪಟ್ಟಿ ಬಿಚ್ಚಿದ್ರೆ ನೋವಾಗುತ್ತಲ್ಲ ಅಂತ ಇತ್ತು. ದೇವರು ನೆಪ ಆದ."

"ಹಂಗಾದ್ರೆ ನಾನೊಬ್ಳೇ ಬೈಸ್ಕೋಬೇಕಿತ್ತಾ?" ಅಂದಳು ಅಕ್ಕ.

"ನಿನ್ನ ಬೈಯೋ ಧೈರ್ಯ ಯಾರಿಗಿದೆ?"

ಡಾಕ್ಟ್ರು ಮೇಜಿನ ಮೇಲಿಂದ ಕೈ ಚಾಚಿದರು. ಭಾವ ತಮ್ಮ ಬಲಗೈ ಕೊಟ್ಟರು. ಡಾಕ್ಟ್ರು ಆ ಬೆರಳನ್ನ ಹಿಡಿದು, ಬುಡದಲ್ಲಿ ಒತ್ತಿ, ಗೆಣ್ಣಿನಲ್ಲಿ ಒತ್ತಿ, "ಇಲ್ಲಿ ಎಳೆಯುತ್ತಾ? ಇಲ್ಲಿ?" ಅಂತ ಕೇಳತೊಡಗಿದರು. ಕೋರ್ಟು, ಲಾಯರು ಎಲ್ಲ ಮರೆತರು. ಪ್ರಮೀಳಮ್ಮ ಬರೆಯೋದು ನಿಲ್ಲಿಸಿ ಒಂದು ಬಿಸ್ಕತ್ತು ತಗೊಂಡರು.

"ಜೀವ ಇದೆ," ಅಂದರು ಡಾಕ್ಟ್ರು ಕೊನೆಗೆ. "ನೀವು ಹೇಳಿದ್ದೇ ಸರಿ. ಮುನಿಸ್ಕೊಂಡಿದೆ."

ರಾಜಿ ಬರೆದಿದ್ದು ಒಂದೇ ಹಾಳೆ. ತುಮಕೂರಿನಲ್ಲಿ ಕೈಗೇ ಆಪರೇಷನ್ ಮಾಡೋ ಚೈತನ್ಯ ಅಂತ ಒಬ್ಬರಿದ್ದಾರೆ, ನಮ್ಮ ಡಾಕ್ಟ್ರ ಜೊತೆ ಓದಿದವರು. ಅವರ ಹತ್ತಿರ ಅಂಟಿದ ನರ ಬಿಡಿಸೋದು, ಖರ್ಚು ಡಾಕ್ಟ್ರ ಕಡೆಯದು. ಆಮೇಲೆ ಅಭ್ಯಾಸ ಮಾಡಿಸೋದು ಲಕ್ಷ್ಮೀಕಾಂತ್ ಅವರೇ, ಭಾವನ ಮನೆಗೆ ಬಂದು. ಅದಕ್ಕಿಂತ ಜಾಸ್ತಿ ಬರೆಸಬೇಕು ಅಂತ ಹೊರಗೆ ಕಾಯುತ್ತಿದ್ದ ಅಳಿಯನಿಗಿತ್ತು. ಭಾವ, "ಸಾಕು ಬುಡಪ್ಪ, ನಂಗೆ ಬೇಕಾಗಿದ್ದು ಅಷ್ಟೇ" ಅಂದರು. ಕಾಂತೇಶ ಹೊರಗೆ ಬಂದು ನನ್ನ ಹತ್ತಿರ ಗುಟ್ಟಾಗಿ, "ನಮ್ಮಪ್ಪನಿಗೂ ಮಂಡಿ ನೋವು ಯಜಮಾನ್ರೇ, ಲಕ್ಷ್ಮೀಕಾಂತ್ ಡಾಕ್ಟ್ರು ನೋಡ್ತಾರಾ?" ಅಂತ ಕೇಳಿದ.

ಜ್ಯೇಷ್ಠದಲ್ಲಿ ಆಪರೇಷನ್ ಆಯಿತು. ಈ ಸಲ ಪಟ್ಟಿ ಇಲ್ಲ, ಮಾರನೇ ದಿನದಿಂದಲೇ ಬೆರಳು ಮಡಿಸಬೇಕು. ಅಟ್ಟದಿಂದ ಪೇಟಿ ಇಳಿಸಿದ್ದು ಡಾಕ್ಟ್ರೇ. ರಬ್ಬರ್ ಚೆಂಡು ಹಿಸುಕಿ ಅಂತ ಕೊಟ್ಟಿದ್ದರು, ಭಾವ ಅದನ್ನ ಎದುರು ಮನೆ ನಾಯಿಗೆ ಎಸೆದಿದ್ದರು. ಅದಕ್ಕೇ ಡಾಕ್ಟ್ರು ಈ ಉಪಾಯ ಮಾಡಿದರು. ಸಂಜೆ ಕ್ಲಿನಿಕ್ ಮುಗಿಸಿ ಬಂದು ಜಮಖಾನದ ಮೇಲೆ ಕೂರೋರು. ಆ ಒಂದು ಬೆರಳಲ್ಲೇ ಮನೆ ಒತ್ತಬೇಕು, ಬೇರೆ ಬೆರಳು ಬಂದರೆ ಅವರು ಹಿಡಿದುಕೊಳ್ಳೋರು. ಮೊದಮೊದಲು ಭಾವನ ಕಣ್ಣಲ್ಲಿ ನೀರು ಬರೋದು.

"ಇನ್ನೊಂದು ಸಲ" ಅನ್ನೋರು ಡಾಕ್ಟ್ರು.

"ಇನ್ನೊಂದು ಸಲ ಅಂತ ಹೇಳೋದು ಸುಲಭ. ನಾನು ಮಡಿಸ್ತೀನಿ, ಆ ಸ್ವರ ನೀವು ಹಾಡಿ ನೋಡಣ."

ಡಾಕ್ಟ್ರು ಹಾಡಿದರು. ಎದುರು ಮನೆ ನಾಯಿ ಎದ್ದು ಹೋಯಿತು.

"ಡಾಕ್ಟ್ರೇ," ಅಂದರು ಭಾವ ಗಂಭೀರವಾಗಿ, "ನಿಮ್ಮ ಗಂಟಲಿಗೂ ಒಂದು ಆಪರೇಷನ್ ಬೇಕು. ಚೈತನ್ಯನೋರಿಗೆ ಹೇಳ್ತೀನಿ."

ಆಷಾಢದಲ್ಲಿ ಗೆಣ್ಣು ಅಲುಗಿತು. ಶ್ರಾವಣದಲ್ಲಿ ಬೆರಳು ಅರ್ಧ ಬಗ್ಗಿತು. ಗಣಪತಿ ಹಬ್ಬದ ಹೊತ್ತಿಗೆ ಅಂಗೈ ಮುಟ್ಟೋಕೆ ಒಂದು ಕಾಳಿನಷ್ಟು ಉಳಿದಿತ್ತು. ಆ ಕಾಳಿನಷ್ಟು ಇವತ್ತಿಗೂ ಉಳಿದಿದೆ. ಅದು ಬಿಗುಮಾನ, ಹೋಗಲ್ಲ ಅನ್ನುತ್ತಾರೆ ಭಾವ.

ಒಂದು ಮಾತ್ರ ಸರಿಹೋಗಿರಲಿಲ್ಲ. ಡಾಕ್ಟ್ರು ಜ್ವರ, ಕೆಮ್ಮು ಎಲ್ಲ ಮುಂಚಿನ ಹಾಗೆ ನೋಡುತ್ತಿದ್ದರು. ಈಗ ರೋಗಿಯನ್ನ ಕೂರಿಸಿ ಹೇಳಿ, "ಈಗ ನಾನೇನಂದೆ, ನೀವು ಹೇಳಿ" ಅಂತ ತಿರುಗಿ ಒಪ್ಪಿಸಿಕೊಳ್ಳೋರು. "ನನಗೆ ಮಾತ್ರೆಗಿಂತ ಈ ಪರೀಕ್ಷೆ ಕಷ್ಟ" ಅನ್ನುತ್ತಿದ್ದ ಪುಟ್ಟರಂಗಯ್ಯ. ಆದರೆ ಹೊಲಿಗೆ ಅಂದರೆ ಡಾಕ್ಟ್ರ ಬಾಯಲ್ಲಿ ತುಮಕೂರೇ. ಕೇಸು ಮುಗಿದಿತ್ತು, ಭಯ ಇನ್ನೂ ಎದ್ದು ಹೋಗಿರಲಿಲ್ಲ. ಭಾವ ಎರಡು ಮೂರು ಸಲ ಕೇಳಿದರು. "ಆಗಲ್ಲ ಯಜಮಾನ್ರೇ, ಸೂಜಿ ಹಿಡಿದ್ರೆ ನೋಟೀಸು ಕಾಣುತ್ತೆ" ಅಂದರಂತೆ.

ಮತ್ತೆ ಕಾರ್ತೀಕ ಬಂತು. ಪಾಡ್ಯದ ದಿನ ಅಕ್ಕ ಅರಿಶಿನದ ದಾರ ಹಿಡಿದು ಸಾಲಾಗಿ ನಿಂತವರ ಕೈಯೆಲ್ಲ ತಿರುಗಿಸಿ ನೋಡಿದಳು. ಗಾಯ ಇದೆಯಾ, ಪಟ್ಟಿ ಇದೆಯಾ ಅಂತ ವಿಚಾರಿಸಿಕೊಂಡೇ ಕಂಕಣ ಕಟ್ಟಿಸಿದಳು. ಭಾವನಿಗೆ ಮಾತ್ರ ಎಡಗೈಗೆ. "ಯಾಕೆ, ಈಗ ಬಲಗೈ ಸರಿಯಾಗಿದೆಯಲ್ಲ?" ಅಂದರೆ, "ಇರಲಿ, ಹುಷಾರು" ಅಂದಳು.

ಎರಡನೇ ಸೋಮವಾರ. ದೀಪ ಹಚ್ಚಿಯಾಗಿತ್ತು. ಭಾವನ ಎಡಗೈ ತಿದಿಯ ಮೇಲೆ, ಬಲಗೈ ಮನೆಗಳ ಮೇಲೆ. ಐದು ಬೆರಳೂ ಓಡಾಡುತ್ತಿದ್ದವು. ಆ ಉಂಗುರದ ಬೆರಳು ಒಂದು ಗಳಿಗೆ ತಡವಾಗಿ ಬೀಳುತ್ತಿತ್ತು, ಅದಕ್ಕೆ ತಕ್ಕ ಹಾಗೆ ನಾನು ತಾಳ ಸ್ವಲ್ಪ ತಡೆಯುತ್ತಿದ್ದೆ. ಕೇಳಿದವರಿಗೆ ಅದೇ ಒಂದು ಸೊಗಸು ಅನ್ನಿಸುತ್ತಿತ್ತಂತೆ. ಡಾಕ್ಟ್ರು ಕಂಬಕ್ಕೆ ಒರಗಿ ಕೂತಿದ್ದರು. ಅವರಿಗೆ ಹಾಡಬಾರದು ಅಂತ ಆಜ್ಞೆ ಆಗಿತ್ತು.

ಆಗ ನರಸಮ್ಮ ಬಾಗಿಲಿಗೆ ಬಂದಳು. ರಾಗಿ ಕೊಯ್ಲಿನ ಕಾಲ. ಎಡಗೈಗೆ ಕುಡುಗೋಲು ತಗಲಿ, ಸೆರಗು ಸುತ್ತಿಕೊಂಡು ಹಿಡಿದಿದ್ದಳು. ಸೆರಗು ಒದ್ದೆಯಾಗಿತ್ತು. ಹಾಡು ಹಾಡಿನಷ್ಟಕ್ಕೆ ಹೋಗುತ್ತಿತ್ತು, ಭಾವ ನಿಲ್ಲಿಸಲಿಲ್ಲ.

"ಡಾಕ್ಟ್ರೇ, ಬಲಗೈ ಚೆನ್ನಾಗಿದೆ," ಅಂದಳು ನರಸಮ್ಮ. "ಎಷ್ಟು ಸೈನ್ ಬೇಕಾದ್ರೂ ಹಾಕ್ತೀನಿ."

ಡಾಕ್ಟ್ರು ಎದ್ದು ಕೈ ಬಿಚ್ಚಿ ನೋಡಿದರು. "ಹೊಲಿಗೆ ಬೀಳಬೇಕು ನರಸಮ್ಮ. ತುಮಕೂ..." ಅಂದರು. ಅಷ್ಟಕ್ಕೇ ನಿಲ್ಲಿಸಿ ಭಾವನ ಕಡೆ ತಿರುಗಿದರು. ಭಾವ ಅವರನ್ನ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಬೇರೆ ನಾಲ್ಕು ಬೆರಳು ಎತ್ತಿ, ಆ ಒಂದು ಬೆರಳಲ್ಲೇ ಸ್ವರ ಹಿಡಿದು ನಿಲ್ಲಿಸಿದರು. ಸಂಜೆ ಸಂಜೆ ಡಾಕ್ಟ್ರು ಒತ್ತಿಸುತ್ತಿದ್ದ ಅದೇ ಸ್ವರ. ಸ್ವರ ಅಲುಗದೆ ನಿಂತಿತು.

"ನಡಿ, ಕ್ಲಿನಿಕ್ ತೆಗೀತೀನಿ," ಅಂದರು ಡಾಕ್ಟ್ರು. "ಒಂದು ಸೈನ್ ಸಾಕು. ಆದ್ರೆ ನಾನು ಹೇಳಿದ್ದನ್ನ ತಿರುಗಿ ಒಪ್ಪಿಸ್ಬೇಕು."

"ಒಪ್ಪಿಸ್ತೀನಿ. ಹಾಡಿನಲ್ಲಿ ಬೇಕಾದ್ರೂ ಒಪ್ಪಿಸ್ತೀನಿ. ನೀವು ಮಾತ್ರ ಹಾಡಬೇಡಿ."

ಪ್ರಸಾದ ಇನ್ನೂ ಹಂಚಿರಲಿಲ್ಲ. ಕಾರ್ತೀಕದ ಎರಡನೇ ಸೋಮವಾರ, ಹಾಡು ಅರ್ಧದಲ್ಲಿರೋವಾಗಲೇ ಭಜನೆಯಿಂದ ಎದ್ದು ಹೋದವರು ಡಾಕ್ಟರ್ ಲಕ್ಷ್ಮೀಕಾಂತ್, ಅವರ ಹಿಂದೆಯೇ ನರಸಮ್ಮ.